ರಕ್ತದೊತ್ತಡ ಮಾಪನ

ರಕ್ತದೊತ್ತಡ ಮಾಪನ: ಅಪಧಮನಿಗಳ ಗೋಡೆಯ ಮೇಲೆ ರಕ್ತ ಹೇರುವ ಒತ್ತಡವನ್ನು ಪಾದರಸದ ಮಿಲಿಮೀಟರುಗಳಲ್ಲಿ ಅಳೆಯುವ ಪರೀಕ್ಷೆ, ಆಡುಮಾತಿನಲ್ಲಿ ಬಿ.ಪಿ. ನೋಡುವುದು. ತೋಳಪಟ್ಟಿಯ ಮಾಪಕವನ್ನು ಇಟಲಿಯ ರೀವಾ-ರೋಚಿ 1896ರಲ್ಲಿ ರೂಪಿಸಿದ. ಸ್ಟೆತೊಸ್ಕೋಪಿನಿಂದ ಆಲಿಸುವ ಕ್ರಮವನ್ನು ರಷ್ಯದ ಕೊರೊಟ್ಕೊಫ್ 1905ರಲ್ಲಿ ವಿವರಿಸಿದ. ಪಟ್ಟಿಯ ಗಾಳಿ ಇಳಿಸುವಾಗ ಮೊದಲು ಕೇಳುವ ಸದ್ದು ಹೃದಯ ಸಂಕುಚಿಸಿದಾಗಿನ ಮೇಲಿನ ಅಂಕಿಯನ್ನೂ, ಸದ್ದು ಅಡಗುವ ಹಂತ ಹೃದಯ ಸಡಿಲಗೊಂಡಾಗಿನ ಕೆಳಗಿನ ಅಂಕಿಯನ್ನೂ ಕೊಡುತ್ತದೆ.

ಬೇರೆ ಬೇರೆ ದಿನಗಳಲ್ಲಿ ಅಳೆದಾಗ ಮೇಲಿನದು 140 ಅಥವಾ ಕೆಳಗಿನದು 90 ಮುಟ್ಟಿದರೆ, ಇಲ್ಲವೇ ದಾಟಿದರೆ ಅಧಿಕ ರಕ್ತದೊತ್ತಡವೆಂದು ಸಾಮಾನ್ಯವಾಗಿ ನಿರ್ಣಯಿಸುತ್ತಾರೆ. ಒಂದೇ ಸಲದ ಅಂಕಿಯನ್ನು ನೆಚ್ಚುವಂತಿಲ್ಲ. ನಡೆದು ಬಂದ ಕೂಡಲೇ ಅಳೆಯುವುದು, ಮಾತಾಡುತ್ತಿರುವುದು, ಕಾಲ ಮೇಲೆ ಕಾಲು ಹಾಕಿರುವುದು, ತೋಳು ಜೋತುಬಿದ್ದಿರುವುದು, ಪಟ್ಟಿ ಚಿಕ್ಕದಾಗಿರುವುದು, ಆಗಷ್ಟೇ ಚಹಾ ಕುಡಿದಿರುವುದು ಅಥವಾ ಬೀಡಿ ಸೇದಿರುವುದು ಅಂಕಿಯನ್ನು ಏರಿಸುತ್ತವೆ. ಆದ್ದರಿಂದ ಬೆನ್ನಿಗೆ ಆಸರೆ ಕೊಟ್ಟು, ಪಾದ ನೆಲಕ್ಕೂರಿ, ತೋಳನ್ನು ಎದೆಮಟ್ಟದಲ್ಲಿರಿಸಿ, ಐದು ನಿಮಿಷ ಸುಮ್ಮನೆ ಕುಳಿತ ಬಳಿಕವೇ ಅಳೆಯಬೇಕು. ಚಿಕಿತ್ಸಾಲಯದಲ್ಲಿ ಮಾತ್ರ ಏರುವ ಒತ್ತಡಕ್ಕೆ ‘ಬಿಳಿ ಕೋಟಿನ ರಕ್ತದೊತ್ತಡ’ವೆಂದು ಹೆಸರು, ಇದನ್ನು ಗುರುತಿಸಲು ಮನೆಯಲ್ಲಿಯೂ ಅಳೆಯುತ್ತಾರೆ, ಅಲ್ಲಿನ ಮಿತಿ 135/85.

ಅಧಿಕ ಒತ್ತಡಕ್ಕೆ ಹೆಚ್ಚಾಗಿ ಲಕ್ಷಣಗಳೇ ಇರುವುದಿಲ್ಲ. ಪಾರ್ಶ್ವವಾಯು, ಹೃದಯಾಘಾತ, ಮೂತ್ರಪಿಂಡದ ಹಾನಿಗೆ ಅದು ಕಾರಣವಾಗುತ್ತದೆ. ಇದನ್ನು ಹತೋಟಿಗೆ ತರಲು ಭಾರತೀಯ ಅಧಿಕ ರಕ್ತದೊತ್ತಡ ನಿಯಂತ್ರಣ ಉಪಕ್ರಮ 2017ರಲ್ಲಿ ಆರಂಭವಾಯಿತು. ಮೊದಲ ಹಂತದ ಜಿಲ್ಲೆಗಳಲ್ಲಿ ಮಹಾರಾಷ್ಟ್ರದ ಸಾತಾರಾ ಒಂದು.