ಹೇಳುವುದೊಂದು, ಮಾಡುವುದೊಂದು: ಮನೋಭಾವ ಸಂಶೋಧನೆಯ ನೂರು ವರ್ಷ

ಬ್ಯಾಂಕಿರಲಿ, ಆಸ್ಪತ್ರೆಯಿರಲಿ, ಕೈಗೆ ಕೊಡುವ ಅಭಿಪ್ರಾಯದ ಫಾರಂನಲ್ಲಿ ‘ಪೂರ್ತಿ ಒಪ್ಪುತ್ತೇನೆ’ ಎಂಬಲ್ಲಿಂದ ‘ಸ್ವಲ್ಪವೂ ಒಪ್ಪುವುದಿಲ್ಲ’ ಎಂಬಲ್ಲಿಯವರೆಗೆ ಐದು ಚೌಕಗಳಿರುತ್ತವಲ್ಲ, ಅವು ಅಮೆರಿಕದ ರೆನ್ಸಿಸ್ ಲಿಕರ್ಟ್ 1932ರಲ್ಲಿ ಪ್ರಕಟಿಸಿದ ಪ್ರಬಂಧದಿಂದ ಬಂದವು. ಮನೋಭಾವವನ್ನು ಅಳೆಯಬಹುದು ಎಂದು ಎಲ್. ಎಲ್. ಥರ್ಸ್ಟನ್ 1928ರಲ್ಲೇ ಸಾರಿದ್ದರು. 1935ರ ಹೊತ್ತಿಗೆ ಗಾರ್ಡನ್ ಆಲ್‌ಪೋರ್ಟ್, ಇದಿಲ್ಲದೆ ಸಮಾಜ ಮನೋವಿಜ್ಞಾನದ ಗಾಡಿ ಮುಂದೆ ಹೋಗದು ಎಂಬಷ್ಟು ದೊಡ್ಡ ಸ್ಥಾನವನ್ನು ಮನೋಭಾವಕ್ಕೆ ಕೊಟ್ಟರು. ಮನಸ್ಸಿನಲ್ಲಿರುವುದು ಗೊತ್ತಾದರೆ ಮನುಷ್ಯ ಏನು ಮಾಡುತ್ತಾನೆಂಬುದೂ ಗೊತ್ತಾದಂತೆ ಎಂಬುದು ಆಗಿನವರ ನಂಬಿಕೆ.

ಆ ನಂಬಿಕೆಗೆ ಪೆಟ್ಟು ಬೀಳಲು ತಡವಾಗಲಿಲ್ಲ. ಸಮಾಜಶಾಸ್ತ್ರಜ್ಞ ರಿಚರ್ಡ್ ಲಾಪಿಯೇರ್ ಒಂದು ಚೀನೀ ಜೋಡಿಯೊಂದಿಗೆ ಅಮೆರಿಕ ಸುತ್ತಿದರು. ಏಷ್ಯಾದವರ ಮೇಲೆ ಅಲ್ಲಿ ಬಹಿರಂಗ ದ್ವೇಷವಿದ್ದ ಕಾಲ ಅದು. ಹೊಕ್ಕ 251 ಹೋಟೆಲು, ವಸತಿಗೃಹಗಳ ಪೈಕಿ ಒಂದೇ ಒಂದು ಕಡೆ ಇವರನ್ನು ಹೊರಗೆ ಕಳಿಸಿದರು. ತಿಂಗಳುಗಳ ನಂತರ ಅದೇ ಜಾಗಗಳಿಗೆ, ಚೀನೀಯರನ್ನು ಸೇರಿಸಿಕೊಳ್ಳುತ್ತೀರಾ ಎಂದು ಪತ್ರ ಬರೆದರು. 128 ಉತ್ತರ ಬಂದವು, ಶೇ. 90ಕ್ಕಿಂತ ಹೆಚ್ಚು ಮಂದಿ ‘ಇಲ್ಲ’ ಎಂದಿದ್ದರು. 1934ರಲ್ಲಿ ಪ್ರಕಟವಾದ ಈ ಅಧ್ಯಯನದಲ್ಲಿ ತೂತುಗಳಿವೆ. ಪತ್ರಕ್ಕೆ ಉತ್ತರಿಸಿದವರೇ ಅಂದು ಊಟ ಬಡಿಸಿದ್ದರೆಂದು ಹೇಳಲಾಗದು. ಜೊತೆಗೆ ಬಿಳಿಯ ಪ್ರೊಫೆಸರೊಬ್ಬರು ನಿಂತಿದ್ದರೆಂಬುದೂ ಸಣ್ಣ ಮಾತಲ್ಲ. ಆದರೆ 1969ರಲ್ಲಿ ಆಲನ್ ವಿಕರ್ ಅಲ್ಲಿಯವರೆಗಿನ ಅಧ್ಯಯನಗಳನ್ನೆಲ್ಲ ಒಟ್ಟಿಗಿಟ್ಟು ನೋಡಿದಾಗಲೂ ಮಾತಿಗೂ ಕೃತಿಗೂ ಇರುವ ನಂಟು ತೀರಾ ಸಡಿಲವಾಗಿಯೇ ಕಂಡಿತು.

ದಾರಿ ತೋರಿಸಿದವರು ಮಾರ್ಟಿನ್ ಫಿಷ್‌ಬೀನ್ ಮತ್ತು ಐಸೆಕ್ ಐಜೆನ್. ಅವರು 1975ರಲ್ಲಿ ಹೇಳಿದ್ದು ಸರಳ: ಪ್ರಶ್ನೆಯನ್ನು ಮೊದಲು ಸರಿಯಾಗಿ ಕೇಳಿ. ‘ಪರಿಸರದ ಬಗ್ಗೆ ಕಾಳಜಿ ಇದೆಯೇ?’ ಎಂದರೆ ಯಾರು ತಾನೇ ಇಲ್ಲ ಎಂದಾರು? ಈ ವಾರ ಹಸಿ ಕಸ, ಒಣ ಕಸ ಬೇರೆ ಮಾಡುತ್ತೀರಾ ಎಂದು ಕೇಳಬೇಕು. ಅದರ ಜೊತೆಗೆ, ಮನೆಯವರು, ನೆರೆಯವರು ಏನಂದಾರು ಎಂಬ ಲೆಕ್ಕವೂ ಬೇಕು. ಹೀಗೆ ಮನೋಭಾವದ ಸೂತ್ರದೊಳಗೇ ‘ನಾಲ್ಕು ಜನ’ ಬಂದು ಕೂತರು.

ಆ ನಾಲ್ಕು ಜನರ ಅಧ್ಯಯನ ಇಷ್ಟರಲ್ಲಿ ಬೇರೆಯದೇ ಹಾದಿಯಲ್ಲಿ ಬೆಳೆದಿತ್ತು. 1950ರ ದಶಕದಲ್ಲಿ ಸಾಲೊಮನ್ ಆಶ್ ಒಂದು ಗೆರೆ ತೋರಿಸಿ, ಇನ್ನೊಂದು ಕಾರ್ಡಿನ ಮೂರರಲ್ಲಿ ಅಷ್ಟೇ ಉದ್ದದ್ದು ಯಾವುದೆಂದು ಕೇಳಿದರು. ಕೋಣೆಯಲ್ಲಿದ್ದವರಲ್ಲಿ ಒಬ್ಬ ಮಾತ್ರ ನಿಜವಾಗಿ ಪರೀಕ್ಷೆಗೆ ಒಳಗಾದವನು, ಉಳಿದವರೆಲ್ಲ ಆಶ್ ಕಡೆಯವರು. ಒಟ್ಟಾಗಿ ತಪ್ಪು ಹೇಳುವುದೇ ಅವರ ಕೆಲಸ. ಇಂಥ ಸುತ್ತುಗಳಲ್ಲಿ ಮೂರರಲ್ಲೊಂದು ಉತ್ತರ ಗುಂಪಿನ ಕಡೆಗೆ ವಾಲಿತು. ಜನ ಕುರಿಗಳು ಎಂಬ ಪಾಠವನ್ನು ಎಲ್ಲರೂ ಇಲ್ಲಿಂದಲೇ ಎತ್ತುತ್ತಾರೆ. ನನಗೆ ಇದು ಅರ್ಧ ಕಥೆ. ಮೂರರಲ್ಲೆರಡು ಉತ್ತರ ಸರಿಯಾಗಿಯೇ ಇತ್ತು. ಸುಮಾರು ಕಾಲುಭಾಗ ಮಂದಿ ಒಮ್ಮೆಯೂ ಬಗ್ಗಲಿಲ್ಲ. ಗುಂಪಿನಲ್ಲಿ ಒಬ್ಬನೇ ಒಬ್ಬ ಸರಿ ಉತ್ತರ ಹೇಳಿದರೂ ಸಾಕು, ತಪ್ಪು ಶೇ. 5ರ ಆಸುಪಾಸಿಗೆ ಇಳಿಯುತ್ತಿತ್ತು. ಸ್ಟ್ಯಾನ್ಲಿ ಮಿಲ್‌ಗ್ರಾಮ್ ಯೇಲ್‌ನಲ್ಲಿ ನಡೆಸಿದ ವಿಧೇಯತೆಯ ಪ್ರಯೋಗದ್ದೂ ಇದೇ ಹಣೆಬರಹ. 40ರಲ್ಲಿ 26 ಜನ, ಇನ್ನೊಬ್ಬನಿಗೆ ಶಾಕ್ ತಗಲುತ್ತಿದೆಯೆಂದು ನಂಬಿಯೂ, ಅಪ್ಪಣೆಯಂತೆ 450 ವೋಲ್ಟ್‌ವರೆಗೆ ಸ್ವಿಚ್ ಒತ್ತಿದ್ದು ಎಲ್ಲರಿಗೂ ಗೊತ್ತು. ಪಕ್ಕದಲ್ಲಿದ್ದ ಇಬ್ಬರು ‘ನಾವು ಒಲ್ಲೆವು’ ಎಂದು ಎದ್ದಾಗ ಕೊನೆವರೆಗೆ ಹೋದವರು 40ರಲ್ಲಿ ನಾಲ್ವರೇ ಎಂಬುದನ್ನು ಹೇಳುವವರು ಕಡಿಮೆ.

ಈ ಚರಿತ್ರೆಯ ಒಂದು ಬೇರು ನಮ್ಮ ದೇಶದಲ್ಲೇ ಇದೆ. 1934ರ ಜನವರಿ 15ರಂದು ಭೂಕಂಪಕ್ಕೆ ಬಿಹಾರ ನಡುಗಿತು. ಪಟ್ನಾದ ಜಮುನಾ ಪ್ರಸಾದ್ ಆಗ ಜನರ ಬಾಯಲ್ಲಿದ್ದ ವದಂತಿಗಳನ್ನು ಕಲೆಹಾಕಿ 1935ರಲ್ಲಿ ಪ್ರಬಂಧ ಬರೆದರು. ನೆಲ ನಡುಗಿದ್ದು ಅನುಭವಕ್ಕೆ ಬಂದರೂ ಹಾನಿ ಕಣ್ಣಿಗೆ ಬೀಳದ ಕಡೆ, ಇನ್ನೂ ಘೋರವಾದದ್ದು ಬರಲಿದೆ ಎಂಬ ಸುದ್ದಿಗಳು ಹಬ್ಬಿದ್ದವು. ಹೆದರಿದವರು ತಮ್ಮನ್ನು ಇನ್ನಷ್ಟು ಹೆದರಿಸಿಕೊಳ್ಳುವುದೇಕೆ? ಅಮೆರಿಕದ ಮನೋವಿಜ್ಞಾನಿ ಲಿಯಾನ್ ಫೆಸ್ಟಿಂಗರ್ ತಲೆ ಕೆಡಿಸಿಕೊಂಡದ್ದು ಇದಕ್ಕೇ. ದಾರ್ಜಿಲಿಂಗ್‌ನಲ್ಲಿ ಗುಡ್ಡ ಕುಸಿದು ಹಾನಿಯನ್ನು ಕಣ್ಣಾರೆ ಕಂಡ ಜನರ ನಡುವೆ ಇಂಥ ವದಂತಿ ಹುಟ್ಟಲಿಲ್ಲವೆಂದು ದುರ್ಗಾನಂದ ಸಿನ್ಹಾ 1952ರಲ್ಲಿ ತೋರಿಸಿದ್ದರು. ಫೆಸ್ಟಿಂಗರ್‌ಗೆ ಉತ್ತರ ಹೊಳೆಯಿತು: ವದಂತಿ ಭಯ ಹುಟ್ಟಿಸುತ್ತಿಲ್ಲ, ಆಗಲೇ ಎದೆಯಲ್ಲಿರುವ ಭಯಕ್ಕೆ ಕಾರಣ ಒದಗಿಸುತ್ತಿದೆ. ಒಂದಕ್ಕೊಂದು ಹೊಂದದ ಎರಡು ಅರಿವುಗಳನ್ನು ಮನಸ್ಸು ಸಹಿಸದೆ ಹೊಂದಿಸಿಕೊಳ್ಳುತ್ತದೆ ಎಂಬ 1957ರ ‘ಅರಿವಿನ ಅಸಂಗತಿ’ ಸಿದ್ಧಾಂತ ಬೆಳೆದದ್ದು ಹೀಗೆ. 1959ರ ಪ್ರಯೋಗದಲ್ಲಿ, ಬೇಸರದ ಕೆಲಸವೊಂದನ್ನು ಚೆನ್ನಾಗಿದೆ ಎಂದು ಸುಳ್ಳು ಹೇಳಲು 20 ಡಾಲರ್ ಪಡೆದವರಿಗಿಂತ ಒಂದೇ ಡಾಲರ್ ಪಡೆದವರು ಆ ಸುಳ್ಳನ್ನು ಹೆಚ್ಚು ನಂಬಿದರು. ನಮ್ಮ ತರಗತಿಗಳಲ್ಲೂ ಡಾಲರಿನ ಕಥೆಯೇ ಓಡುತ್ತದೆ, ಪಟ್ನಾದ್ದಲ್ಲ.

ಮುಂದಿನದು ಬೇಗ ಹೇಳಿ ಮುಗಿಸಬಹುದು. ಪಟ್ಟುಬಿಡದ ಅಲ್ಪಸಂಖ್ಯೆಯೂ ಬಹುಮತವನ್ನು ಅಲುಗಿಸಬಲ್ಲದೆಂದು ಫ್ರಾನ್ಸ್‌ನ ಸೆರ್ಜ್ ಮೊಸ್ಕೊವಿಚಿ 1969ರಲ್ಲಿ ತೋರಿಸಿದರು. ಯೋಚಿಸಿ ಒಪ್ಪುವುದು ಬೇರೆ, ಹೇಳಿದವರ ಮುಖ ನೋಡಿ ಒಪ್ಪುವುದು ಬೇರೆ ಎಂದು ಪೆಟ್ಟಿ ಮತ್ತು ಕಾಸಿಯೊಪ್ಪೊ 1986ರಲ್ಲಿ ವಿವರಿಸಿದರು. ಜಾಹೀರಾತಿನವರಿಗೆ ಅದು ಮೊದಲೇ ಗೊತ್ತಿತ್ತು.

ಆಮೇಲೆ ಬಂದದ್ದು ಲೆಕ್ಕ ತಪಾಸಣೆಯ ಕಾಲ. ಮನೋವಿಜ್ಞಾನದ 100 ಅಧ್ಯಯನಗಳನ್ನು ಮತ್ತೆ ನಡೆಸಿ 2015ರಲ್ಲಿ ಫಲಿತಾಂಶ ಪ್ರಕಟಿಸಿದಾಗ, ಸಮಾಜ ಮನೋವಿಜ್ಞಾನದಲ್ಲಿ ಸುಮಾರು ಕಾಲುಭಾಗ ಮಾತ್ರ ನಿಂತವು. ಅಸಂಗತಿ ಸಿದ್ಧಾಂತದ ಒಂದು ಮುಖ್ಯ ಪ್ರಯೋಗವಿಧಾನವೂ 2024ರಲ್ಲಿ ಹಲವು ದೇಶಗಳ ಪ್ರಯೋಗಾಲಯಗಳು ಸೇರಿ ಪರೀಕ್ಷಿಸಿದಾಗ ನಿರೀಕ್ಷಿಸಿದ ಫಲ ಕೊಡಲಿಲ್ಲ. ಆಶ್ ಮಾತ್ರ ಗಟ್ಟಿ. 17 ದೇಶಗಳ 133 ಅಧ್ಯಯನಗಳನ್ನು 1996ರಲ್ಲಿ ಜೋಡಿಸಿದಾಗ ಪರಿಣಾಮ ಎಲ್ಲೆಡೆ ಕಂಡಿತು. ಆದರೆ ಅಮೆರಿಕದಲ್ಲಿ ಅದು 1950ರ ದಶಕದಿಂದ ಇಳಿಯುತ್ತ ಬಂದಿತ್ತು, ಕೂಡುಬಾಳಿಗೆ ಬೆಲೆ ಕೊಡುವ ಸಮಾಜಗಳಲ್ಲಿ ಹೆಚ್ಚಿತ್ತು. ಮೂರರಲ್ಲೊಂದು ಎಂಬುದು ಮನುಷ್ಯಸ್ವಭಾವದ ಅಳತೆಯಲ್ಲ, ಒಂದು ಕಾಲದೇಶದ ಅಳತೆ.

ಹಾಗಾದರೆ ನಮ್ಮ ಅಳತೆ ಎಷ್ಟು? 2018ರಲ್ಲಿ ಮಕ್ಕಳ ಕಳ್ಳರ ವದಂತಿಯಿಂದ ಬೆಂಗಳೂರಿನಲ್ಲಿ, ಬೀದರ್ ಜಿಲ್ಲೆಯಲ್ಲಿ ಅಮಾಯಕರು ಗುಂಪಿಗೆ ಬಲಿಯಾದರು. ಒಂದು ಸಂದೇಶವನ್ನು ಒಮ್ಮೆಗೆ ಐದು ಕಡೆಗಷ್ಟೇ ಕಳಿಸುವ ಮಿತಿಯನ್ನು ವಾಟ್ಸ್‌ಆ್ಯಪ್ ಭಾರತದಲ್ಲಿ ತಂದದ್ದು ಆ ವರ್ಷವೇ. ಅದು ಕಂಪನಿಯ ಉಪಾಯವಾಯಿತು, ಅಧ್ಯಯನವಾಗಲಿಲ್ಲ. ಜಮುನಾ ಪ್ರಸಾದರಂತೆ ವದಂತಿ ಹಬ್ಬುತ್ತಿರುವಾಗಲೇ ಬೀದಿಗಿಳಿದು ಬರೆದಿಟ್ಟುಕೊಳ್ಳುವ ಕೆಲಸ ನಮ್ಮ ವಿಶ್ವವಿದ್ಯಾಲಯಗಳಿಂದ ಆಗಬೇಕು. ಅದಕ್ಕೆ ನೆಲೆಯಿಲ್ಲ ಎನ್ನುವಂತಿಲ್ಲ: ಮೈಸೂರಿನಲ್ಲಿ ಮನೋವಿಜ್ಞಾನ ವಿಭಾಗ 1924ರಲ್ಲೇ ಶುರುವಾಗಿತ್ತು.