ಆಕಾಶದ ಎರವಲು ಎತ್ತು

ಬಿತ್ತುವ ಹೊತ್ತಿಗೆ ಎರವಲು ಎತ್ತು ತಂದವರಿಗೆ ಅದರ ಸುಖವೂ ಗೊತ್ತು, ಸಂಕಟವೂ ಗೊತ್ತು. ಹೊಲದಲ್ಲಿ ಹಸಿ ಇರುವಾಗಲೇ ಎತ್ತಿನ ಯಜಮಾನ ಬಂದು ಹಗ್ಗ ಬಿಚ್ಚುತ್ತಾನೆ. ನಮ್ಮ ದೇಶಕ್ಕೂ ಒಮ್ಮೆ ಹೀಗೇ ಆಯಿತು. ಆ ಎತ್ತು ಮಾತ್ರ ಆಕಾಶದಲ್ಲಿತ್ತು!

1975ನೆಯ ಇಸವಿ ಆಗಸ್ಟ್ 1ರಂದು ಆರು ರಾಜ್ಯಗಳ ಸುಮಾರು 2,400 ಹಳ್ಳಿಗಳಿಗೆ ಟೆಲಿವಿಷನ್ ಪ್ರಸಾರ ಶುರುವಾಯಿತು. ನಮ್ಮಲ್ಲಿ ಆಗಿನ ಬಿಜಾಪುರ, ಗುಲ್ಬರ್ಗಾ, ರಾಯಚೂರು ಜಿಲ್ಲೆಗಳ ಹಳ್ಳಿಗಳಿಗೆ ಆ ಭಾಗ್ಯ ಬಂತು. ಬೆಂಗಳೂರಿಗೇ ಆಗಿನ್ನೂ ದೂರದರ್ಶನ ಬಂದಿರಲಿಲ್ಲ, ನೋಡಿ. ಬೆಳಗ್ಗೆ ಶಾಲೆಯ ಮಕ್ಕಳಿಗೆ ಪಾಠ. ಸಂಜೆ ದೊಡ್ಡವರಿಗೆ ಬೇಸಾಯ, ಆರೋಗ್ಯದ ಮಾತು.

ಈ ಚಿತ್ರಗಳನ್ನು ಅಹಮದಾಬಾದು, ದೆಹಲಿಗಳಿಂದ ಮೇಲಕ್ಕೆ ಕಳಿಸುತ್ತಿದ್ದರು. ಅಮೆರಿಕದ ಎ.ಟಿ.ಎಸ್.-6 ಎಂಬ ಉಪಗ್ರಹ ಅವನ್ನು ಹಳ್ಳಿಗಳಿಗೆ ಇಳಿಸುತ್ತಿತ್ತು. ಹಿಡಿಯುವುದಕ್ಕೆ ಊರಿನಲ್ಲಿ ಮೂರು ಮೀಟರು ಅಗಲದ ತಂತಿಬಲೆಯ ತಟ್ಟೆ. ಕೋಳಿಗೂಡಿಗೆ ಹಾಕುವಂಥದೇ ಬಲೆ!

ಉಪಗ್ರಹ ಒಂದೇ ಕಡೆ ನಿಲ್ಲುವುದು ಹೇಗೆ ಅಂತೀರಾ? ಕಣದಲ್ಲಿ ಹಂತಿ ಹೊಡೆಯುವಾಗ ಮೇಟಿಯ ಪಕ್ಕದ ಎತ್ತೂ ಹೊರಗಿನ ಎತ್ತೂ ಒಂದೇ ಹೊತ್ತಿಗೆ ಸುತ್ತು ಮುಗಿಸುತ್ತವಲ್ಲವೇ? ಹಾಗೆಯೇ ಭೂಮಧ್ಯರೇಖೆಯ ಮೇಲೆ ಸುಮಾರು 36,000 ಕಿಲೋಮೀಟರು ಎತ್ತರದಲ್ಲಿ ಉಪಗ್ರಹ ಭೂಮಿಯ ಜೊತೆಜೊತೆಗೇ ತಿರುಗುತ್ತದೆ. ನಮ್ಮ ಕಣ್ಣಿಗೆ ಅದು ನಿಂತಂತೆಯೇ. ಅಷ್ಟು ಎತ್ತರದಿಂದ ರಾಜಸ್ಥಾನವೂ ಒರಿಸ್ಸಾವೂ ಒಟ್ಟಿಗೇ ಕಾಣುತ್ತವೆ.

1969ರಲ್ಲಿ ಅಮೆರಿಕದೊಡನೆ ಈ ಒಪ್ಪಂದ ಮಾಡಿಸಿದ ಡಾಕ್ಟರ್ ವಿಕ್ರಮ್ ಸಾರಾಭಾಯಿ 1971ರಲ್ಲೇ ತೀರಿಕೊಂಡರು. ಬಿತ್ತಿದವರು ಬೆಳೆ ಕಾಣಲಿಲ್ಲ.

ವಾಯಿದೆ ಒಂದೇ ವರ್ಷದ್ದು. 1976ರ ಜುಲೈ 31ಕ್ಕೆ ಪ್ರಸಾರ ನಿಂತಿತು. ಉಪಗ್ರಹವನ್ನು ಅಮೆರಿಕದ ಕಡೆಗೆ ಸರಿಸಿಕೊಂಡರು. 1977ರಲ್ಲಿ ಗುಲ್ಬರ್ಗಾದಲ್ಲಿ ನೆಲದ ಮೇಲಿನ ಪ್ರಸಾರ ಕೇಂದ್ರವೇನೋ ಬಂತು. ಆದರೆ ಅದು ಮುಟ್ಟುವುದು ಸುತ್ತಲಿನ ಊರುಗಳನ್ನು ಮಾತ್ರ. ದೇಶಕ್ಕೆಲ್ಲ ಸ್ವಂತ ಎತ್ತೇ ಬೇಕು.

ಸರಿ, ಕೊಂಡು ತಂದದ್ದಾಯಿತು. ಅಮೆರಿಕದಲ್ಲಿ ಮಾಡಿಸಿದ ಇನ್ಸಾಟ್-1ಎ 1982ರ ಏಪ್ರಿಲ್‌ನಲ್ಲಿ ಏರಿ, ಸೆಪ್ಟೆಂಬರ್ ಹೊತ್ತಿಗೆ ಕೆಟ್ಟೇಹೋಯಿತು. ಎದೆಗುಂದಲಿಲ್ಲ. 1983ರ ಆಗಸ್ಟ್‌ನಲ್ಲಿ ಏರಿದ ಇನ್ಸಾಟ್-1ಬಿ ಚೆನ್ನಾಗಿ ದುಡಿಯಿತು. ಅದರ ಮೂಗುದಾರ ನಮ್ಮ ಹಾಸನದ ಕೇಂದ್ರದ ಕೈಯಲ್ಲಿತ್ತು. ಕೊನೆಗೆ 1992ರಲ್ಲಿ ಏರಿದ ಇನ್ಸಾಟ್-2ಎ ಭಾರತದಲ್ಲೇ ಕಟ್ಟಿದ್ದು. ಅದು ನಮ್ಮ ಕೊಟ್ಟಿಗೆಯಲ್ಲೇ ಹುಟ್ಟಿದ ಕರು.

ಎರವಲು ತರುವುದು ತಪ್ಪಲ್ಲ. ಆ ಒಂದು ವರ್ಷದಲ್ಲಿ ನಮ್ಮವರು ಹೂಡುವುದನ್ನು ಕಲಿತುಕೊಂಡರು; ಆಮೇಲೆ ಎತ್ತು ಸಾಕುವುದನ್ನೂ ಕಲಿತರು. ಎರವಲು ತಂದವರು ಇಷ್ಟು ಮಾಡಿಕೊಂಡರೆ, ಯಜಮಾನ ಹಗ್ಗ ಬಿಚ್ಚಿದ ದಿನ ಹೊಲ ಬೀಳುಬೀಳುವುದಿಲ್ಲ.