ಸಂತಾನನಿವೃತ್ತಿಯ ನಿರ್ಣಯ: ಒಂದು ಚಾರಿತ್ರಿಕ ವಿವೇಚನೆ

ನವವಧುವು ಹಿರಿಯರ ಕಾಲಿಗೆರಗಿದಾಗ ಅಷ್ಟಪುತ್ರವತಿಯಾಗೆಂದು ಹರಸುವ ಪದ್ಧತಿಯು ಈ ದೇಶದಲ್ಲಿ ಬಹುಕಾಲದಿಂದ ನಡೆದುಬಂದಿದೆ. ಋಗ್ವೇದದ ವಿವಾಹಸೂಕ್ತವಾದರೋ ಎಂಟಕ್ಕೆ ತೃಪ್ತಿಪಡದೆ ಹತ್ತು ಮಂದಿ ಪುತ್ರರನ್ನು ಬೇಡುತ್ತದೆ. ಅದೇ ಹರಕೆಯನ್ನು ಇಂದು ಕುಷ್ಟಗಿಯ ಸೀಮೆಯಲ್ಲಿ ಯಾರಾದರೂ ಮನಸ್ಸಿಟ್ಟು ಹರಸಿದರೆ ವಧುವಿನ ತಾಯಿಯೇ ಮೊದಲು ಬೆಚ್ಚಿಬಿದ್ದಾಳು. ಎರಡು ಇಲ್ಲವೆ ಮೂರು ಮಕ್ಕಳಾದೊಡನೆ ‘ಆಪರೇಷನ್’ ಮಾಡಿಸಿಕೊಳ್ಳುವುದು ಈ ಭಾಗದ ಹಳ್ಳಿಹಳ್ಳಿಗಳಲ್ಲಿ ಮನೆಯ ರೂಢಿಯಾಗಿದೆ. ಇಷ್ಟು ದೊಡ್ಡ ಪರಿವರ್ತನೆಯು ನಡೆದುದು ಒಂದು ಶತಮಾನದೊಳಗೆ. ಹಡೆದದ್ದು ಇನ್ನು ಸಾಕೆಂಬ ನಿರ್ಣಯವು ಯಾರ ಕೈಯಿಂದ ಯಾರ ಕೈಗೆ ಬಂದಿತು, ಅದು ಕಡೆಗೂ ಹಡೆಯುವವಳ ಕೈಗೆ ಮುಟ್ಟಿತೋ ಇಲ್ಲವೋ ಎಂಬುದನ್ನು ವಿಚಾರಿಸುವುದೇ ಪ್ರಕೃತ ಲೇಖನದ ಉದ್ದೇಶವು.

೧. ಶಾಸ್ತ್ರಗಳ ಕಾಲ

ಗರ್ಭವನ್ನು ತಡೆಯಬೇಕೆಂಬ ಇಚ್ಛೆಯು ಪಶ್ಚಿಮದಿಂದ ಬಂದುದೆಂದು ಹೇಳುವವರುಂಟು. ಅದು ಸರಿಯಲ್ಲ. ಬೃಹದಾರಣ್ಯಕೋಪನಿಷತ್ತಿನ ಆರನೆಯ ಅಧ್ಯಾಯದಲ್ಲಿ ಗರ್ಭವಾಗಲೆಂದು ಬಯಸುವವನಿಗೂ, ಆಗಬಾರದೆಂದು ಬಯಸುವವನಿಗೂ ಬೇರೆಬೇರೆ ವಿಧಿಗಳು ಹೇಳಲ್ಪಟ್ಟಿವೆ. ಪಂಡಿತೆಯಾದ ಮಗಳು ಹುಟ್ಟಲೆಂದು ಬಯಸುವವರಿಗೂ ಅಲ್ಲಿಯೇ ಒಂದು ವಿಧಿಯಿದೆ. ವೈದ್ಯಗ್ರಂಥಗಳಲ್ಲಿ ಭಾವಪ್ರಕಾಶವು ಹಿಪ್ಪಲಿ, ವಾಯುವಿಳಂಗ, ಬಿಳಿಗಾರಗಳ ಚೂರ್ಣವನ್ನು ಹಾಲಿನೊಡನೆ ಸೇವಿಸಲು ಹೇಳುತ್ತದೆ. ಇವುಗಳ ಗುಣವೇನೇ ಇರಲಿ, ಇಂಥ ಯೋಗಗಳನ್ನು ಬರೆದಿಡಬೇಕಾಯಿತೆಂಬುದರಿಂದಲೇ ಕೇಳುವವರಿದ್ದರೆಂಬುದು ಸಿದ್ಧವಾಗುತ್ತದೆ. ಆದರೆ ಒಂದು ಮಾತನ್ನು ಮರೆಯಬಾರದು. ಉಪನಿಷತ್ತಿನ ಆ ವಾಕ್ಯದಲ್ಲಿ ಗರ್ಭವು ಬೇಡವೆಂದು ಬಯಸುವವನು ಪುರುಷನು. ಗರ್ಭವನ್ನು ಧರಿಸುವವಳು ಏನು ಬಯಸಿದಳೆಂಬ ಪ್ರಶ್ನೆಯು ಅಲ್ಲಿ ಏಳುವುದಿಲ್ಲ.

ಜನಸಾಮಾನ್ಯರಲ್ಲಿ ಮಾತ್ರ ‘ಸಾಕು’ ಎನ್ನುವ ಅವಕಾಶವೇ ಇರಲಿಲ್ಲ. ಹುಟ್ಟಿದ ಮಕ್ಕಳಲ್ಲಿ ಎಷ್ಟು ಉಳಿದಾವೆಂಬುದನ್ನು ಯಾರೂ ಬಲ್ಲವರಾಗಿರಲಿಲ್ಲ. ಸರಕಾರದ ಅಂಕಿಗಳಂತೆ ೧೯೫೧ರ ಸುಮಾರಿಗೆ ಕೂಡ ಭಾರತದಲ್ಲಿ ಹುಟ್ಟಿದ ಸಾವಿರ ಶಿಶುಗಳಲ್ಲಿ ೧೪೬ ಶಿಶುಗಳು ವರ್ಷ ತುಂಬುವ ಮೊದಲೇ ಅಳಿಯುತ್ತಿದ್ದವು. ಪ್ಲೇಗು, ಬರ, ಸಿಡುಬುಗಳಿಗೆ ತುತ್ತಾದವುಗಳ ಲೆಕ್ಕ ಬೇರೆ. ಇಂಥ ಕಾಲದಲ್ಲಿ ಆರೇಳು ಹೆತ್ತವಳು ಇಬ್ಬರು ಮೂವರನ್ನು ಬೆಳೆಸಿದರೆ ಭಾಗ್ಯವೆನ್ನಬೇಕು. ಅಷ್ಟಪುತ್ರರ ಹರಕೆಯು ಅತ್ಯಾಶೆಯಲ್ಲ. ಮೃತ್ಯುವಿಗೆ ತೆರಬೇಕಾದ ಕಂದಾಯವನ್ನು ಮೊದಲೇ ಎಣಿಸಿಟ್ಟ ಗೃಹಸ್ಥರ ಲೆಕ್ಕವದು.

೨. ಮೈಸೂರಿನ ಆಜ್ಞೆ ಮತ್ತು ವಾರ್ಧಾದ ವಾದ

ಇಪ್ಪತ್ತನೆಯ ಶತಮಾನದ ಮೂರನೆಯ ದಶಕದಲ್ಲಿ ಈ ವಿಷಯವು ಬಹಿರಂಗ ಚರ್ಚೆಗೆ ಬಂದಿತು. ಮುಂಬಯಿಯಲ್ಲಿ ರಘುನಾಥ ಧೋಂಡೊ ಕರ್ವೆಯವರು ಸಂತತಿನಿಯಮನದ ಪ್ರಚಾರಕ್ಕೆ ಕೈಹಾಕಿ, ಅದಕ್ಕಾಗಿ ತಮ್ಮ ಪ್ರಾಧ್ಯಾಪಕ ವೃತ್ತಿಯನ್ನೇ ಕಳೆದುಕೊಂಡರು. ಕನ್ನಡನಾಡಿಗೆ ಈ ಇತಿಹಾಸದಲ್ಲಿ ಒಂದು ಅಗ್ರಸ್ಥಾನವಿದೆ. ನಾಲ್ವಡಿ ಕೃಷ್ಣರಾಜ ಒಡೆಯರ ಆಳಿಕೆಯಲ್ಲಿ, ಮಿರ್ಜಾ ಇಸ್ಮಾಯಿಲರು ದಿವಾನರಾಗಿದ್ದಾಗ, ೧೯೩೦ರಲ್ಲಿ ಮೈಸೂರು ಸರಕಾರವು ಸಂಸ್ಥಾನದ ದೊಡ್ಡ ಆಸ್ಪತ್ರೆಗಳಲ್ಲಿ ಸಂತಾನನಿಯಮನದ ಚಿಕಿತ್ಸಾಲಯಗಳನ್ನು ತೆರೆಯಲು ಅಪ್ಪಣೆಯಿತ್ತಿತು. ಸರಕಾರವೊಂದು ತಾನಾಗಿ ಇಂಥ ಚಿಕಿತ್ಸಾಲಯಗಳನ್ನು ನಡೆಸಿದುದಕ್ಕೆ ಲೋಕದಲ್ಲಿಯೇ ಇದು ಮೊದಲ ದೃಷ್ಟಾಂತವೆಂದು ಗಣಿಸಲ್ಪಟ್ಟಿದೆ. ಆಗ ಕುಷ್ಟಗಿಯು ನಿಜಾಮರ ಹೈದರಾಬಾದು ಸಂಸ್ಥಾನದ ರಾಯಚೂರು ಜಿಲ್ಲೆಗೆ ಸೇರಿತ್ತು. ಮೈಸೂರಿನ ಅಪ್ಪಣೆಯು ತುಂಗಭದ್ರೆಯನ್ನು ದಾಟಿ ಇಲ್ಲಿಗೆ ಬರುವಂತಿರಲಿಲ್ಲ.

೧೯೩೨ರಲ್ಲಿ ಲಖನೌದಲ್ಲಿ ಕೂಡಿದ ಅಖಿಲ ಭಾರತ ಮಹಿಳಾ ಪರಿಷತ್ತು ಸಂತಾನನಿಯಮನದ ಪರವಾಗಿ ನಿರ್ಣಯವನ್ನು ಅಂಗೀಕರಿಸಿತು. ಇದು ಸಣ್ಣ ಸಂಗತಿಯಲ್ಲ. ಹಡೆಯುವವರು ತಾವೇ ಸಭೆಯಲ್ಲಿ ನಿಂತು ಈ ಮಾತನ್ನಾಡಿದರು. ೧೯೩೫ರ ಡಿಸೆಂಬರಿನಲ್ಲಿ ಅಮೆರಿಕೆಯ ಮಾರ್ಗರೆಟ್ ಸ್ಯಾಂಗರರು ವಾರ್ಧಾಕ್ಕೆ ಹೋಗಿ ಮಹಾತ್ಮಾ ಗಾಂಧಿಯವರೊಡನೆ ವಾದಿಸಿದರು. ಸ್ತ್ರೀಯ ಸಂಕಟವನ್ನು ಗಾಂಧಿಯವರು ಅಲ್ಲಗಳೆಯಲಿಲ್ಲ. ಆದರೆ ಬ್ರಹ್ಮಚರ್ಯವೊಂದೇ ಮಾರ್ಗವೆಂದೂ, ಪತಿಗೆ ‘ಒಲ್ಲೆ’ ಎನ್ನಲು ಪತ್ನಿಯು ಕಲಿಯಬೇಕೆಂದೂ ಅವರ ಅಭಿಪ್ರಾಯವು. ಹಾಗೆ ಹೇಳುವ ಧೈರ್ಯವನ್ನು ಎಷ್ಟು ಮನೆಗಳು ಸೊಸೆಯರಿಗೆ ಕೊಟ್ಟಿದ್ದವೆಂಬುದು ಸ್ಯಾಂಗರರ ಆಕ್ಷೇಪವು. ಇಬ್ಬರೂ ಹಡೆಯುವವಳ ಇಚ್ಛೆಗೆ ಬೆಲೆಯಿರಬೇಕೆಂದರು. ಅದನ್ನು ನಡೆಯಿಸುವ ಉಪಾಯದಲ್ಲಿ ಮಾತ್ರ ಬೇರೆಯಾದರು.

೩. ಶಸ್ತ್ರದ ಬೆಳವಣಿಗೆ

ಗರ್ಭನಾಳಗಳನ್ನು ಕಟ್ಟುವ ಶಸ್ತ್ರಕ್ರಿಯೆಯನ್ನು ೧೮೮೦ರಲ್ಲಿ ಅಮೆರಿಕೆಯ ಒಹಾಯೊ ಪ್ರಾಂತದಲ್ಲಿ ಲುಂಗ್ರೆನ್ ಎಂಬ ವೈದ್ಯನು ನಡೆಯಿಸಿದನು. ನಾಳದ ನಡುಭಾಗವನ್ನು ಮಡಿಸಿ, ಕರಗುವ ದಾರದಿಂದ ಕಟ್ಟಿ, ಮೇಲಿನ ಮಡಿಕೆಯನ್ನು ಕತ್ತರಿಸುವ ಪಾಮರಾಯ್ ಎಂಬವನ ಕ್ರಮವು ಅವನು ತೀರಿಕೊಂಡ ಬಳಿಕ ೧೯೩೦ರಲ್ಲಿ, ಎಂದರೆ ಮೈಸೂರಿನ ಅಪ್ಪಣೆಯ ವರ್ಷದಲ್ಲಿಯೇ, ಪ್ರಕಟವಾಯಿತು. ದಾರವು ಕರಗಿದ ಮೇಲೆ ಎರಡು ತುದಿಗಳೂ ಒಂದರಿಂದೊಂದು ದೂರ ಸರಿದು ಮುಚ್ಚಿಕೊಳ್ಳುತ್ತವೆ. ತರುವಾಯದ ಕಾಲದಲ್ಲಿ ಉದರದರ್ಶಕ ಯಂತ್ರದ ಸಹಾಯದಿಂದ ನಾಳಕ್ಕೆ ಉಂಗುರವನ್ನು ತೊಡಿಸುವ ಕ್ರಮವೂ ಬಂದಿತು. ಈ ಕ್ರಿಯೆಯಲ್ಲಿ ಗರ್ಭಕೋಶವಾಗಲಿ ಅಂಡಾಶಯವಾಗಲಿ ತೆಗೆಯಲ್ಪಡುವುದಿಲ್ಲ, ಮುಟ್ಟು ನಿಲ್ಲುವುದಿಲ್ಲ, ಮೈಯ ಬಲವು ಕುಂದುವುದಿಲ್ಲ. ಗರ್ಭಕೋಶವನ್ನೇ ತೆಗೆಯಿಸುವುದು ಬೇರೆ ಮಾತು. ಈ ಎರಡನ್ನೂ ಒಂದೆಂದು ತಿಳಿಯುವುದರಿಂದ ಆಗುವ ಹಾನಿಯು ದೊಡ್ಡದು.

೪. ರಾಜ್ಯದ ಲೆಕ್ಕ

೧೯೫೨ರಲ್ಲಿ ಭಾರತ ಸರಕಾರವು ಕುಟುಂಬಯೋಜನೆಯನ್ನು ರಾಷ್ಟ್ರದ ಕಾರ್ಯಕ್ರಮವನ್ನಾಗಿ ಸ್ವೀಕರಿಸಿತು. ಆ ದಿನಗಳಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಪರವಾಗಿ ಬಂದ ಡಾಕ್ಟರ್ ಅಬ್ರಹಾಂ ಸ್ಟೋನರ ಸಲಹೆಯಂತೆ ಮೈಸೂರಿನ ರಾಮನಗರದಲ್ಲಿ ಒಂದು ಪ್ರಯೋಗವು ನಡೆಯಿತು. ತಿಂಗಳ ದಿನಗಳನ್ನು ಎಣಿಸಿಕೊಳ್ಳಲು ಸ್ತ್ರೀಯರಿಗೆ ಬಣ್ಣದ ಮಣಿಗಳ ಸರಗಳು ಕೊಡಲ್ಪಟ್ಟವು. ಕೂಡಬಹುದಾದ ದಿನಗಳಿಗೆ ಒಂದು ಬಣ್ಣ, ಕೂಡಬಾರದ ದಿನಗಳಿಗೆ ಇನ್ನೊಂದು. ಪ್ರಯೋಗವು ಫಲಿಸಲಿಲ್ಲ. ಮಣಿಯನ್ನು ಸರಿಸುವುದು ಹೆಂಡತಿಯ ಕೈಯಲ್ಲಿದ್ದರೂ ದಿನವನ್ನು ಪಾಲಿಸುವುದು ಅವಳೊಬ್ಬಳ ಕೈಯಲ್ಲಿರಲಿಲ್ಲವಷ್ಟೆ. ೧೯೬೫ರಲ್ಲಿ ‘ಲೂಪ್’ ಎಂಬ ವಂಕಿಯು ಬಂದಿತು. ರಕ್ತಸ್ರಾವದ ದೂರುಗಳಿಗೆ ಉತ್ತರಿಸುವವರಿಲ್ಲದೆ ಅದೂ ಬೇಗನೆ ಅಪಖ್ಯಾತಿಗೆ ಒಳಗಾಯಿತು.

ಕಡೆಗೆ ಉಳಿದುದು ಶಸ್ತ್ರಚಿಕಿತ್ಸೆ. ಮೊದಲು ಅದು ಹೆಚ್ಚಾಗಿ ಗಂಡಸರದೇ ಆಗಿತ್ತೆಂಬುದನ್ನು ಇಂದಿನ ತರುಣರು ನಂಬಲಿಕ್ಕಿಲ್ಲ. ೧೯೭೧ರ ಜುಲೈಯಲ್ಲಿ ಕೇರಳದ ಎರ್ನಾಕುಳಂನಲ್ಲಿ ನಡೆದ ಒಂದೇ ಶಿಬಿರದಲ್ಲಿ ೬೦ ಸಾವಿರಕ್ಕೂ ಮಿಕ್ಕಿದ ಗಂಡಸರು ಶಸ್ತ್ರಚಿಕಿತ್ಸೆಗೆ ಒಳಗಾದರು. ಅನಂತರ ಬಂದುದು ೧೯೭೫ರ ತುರ್ತುಪರಿಸ್ಥಿತಿ. ೧೯೭೬–೭೭ನೆಯ ವರ್ಷವೊಂದರಲ್ಲಿಯೇ ದೇಶದಲ್ಲಿ ೮೦ ಲಕ್ಷಕ್ಕೂ ಹೆಚ್ಚು ಶಸ್ತ್ರಚಿಕಿತ್ಸೆಗಳು ನಡೆದವು. ಅವುಗಳಲ್ಲಿ ಮುಕ್ಕಾಲು ಪಾಲು ಗಂಡಸರವು. ನೌಕರರ ಸಂಬಳಕ್ಕೂ ಬಡ್ತಿಗೂ ಈ ಲೆಕ್ಕವು ತಗಲಿಕೊಂಡಿತು. ೧೯೭೬ರ ನವಂಬರಿನಲ್ಲಿ ಹರಿಯಾಣದ ಉಟ್ಟಾವರ್ ಗ್ರಾಮವನ್ನು ಪೋಲೀಸರು ಸುತ್ತುಗಟ್ಟಿ ಗಂಡಸರನ್ನು ಹಿಡಿದೊಯ್ದರು. ೧೯೭೭ರ ಚುನಾವಣೆಯಲ್ಲಿ ಸರಕಾರವು ಬಿದ್ದಿತು. ಮರುವರ್ಷದ ಶಸ್ತ್ರಚಿಕಿತ್ಸೆಗಳ ಸಂಖ್ಯೆಯು ಹತ್ತು ಲಕ್ಷಕ್ಕಿಂತ ಕೆಳಗಿಳಿಯಿತು, ಕುಟುಂಬಯೋಜನೆಯು ‘ಕುಟುಂಬಕಲ್ಯಾಣ’ವಾಯಿತು.

ಇಲ್ಲಿಯೇ ಈ ಇತಿಹಾಸದ ಮುಖ್ಯವಾದ ತಿರುವು. ಗಂಡಸರ ಕೋಪವು ಸರಕಾರಗಳನ್ನು ಉರುಳಿಸಬಲ್ಲುದೆಂದು ಕಂಡುಕೊಂಡ ಆಳುವವರು ತರುವಾಯ ಗಂಡಸರನ್ನು ಕೇಳುವುದನ್ನೇ ಬಿಟ್ಟರು. ಕಾರ್ಯಕ್ರಮವು ನಿಲ್ಲಲಿಲ್ಲ, ಅದರ ಭಾರವು ಮಾತ್ರ ಹೆಂಗಸರ ಉದರಕ್ಕೆ ವರ್ಗವಾಯಿತು. ಗುರಿಯ ಅಂಕಿಯನ್ನು ತುಂಬಿಸಬೇಕಾದ ಆರೋಗ್ಯ ಸಹಾಯಕಿಯರು ಮನೆಮನೆಗೆ ಅಲೆದರು. ೧೯೯೪ರ ಕೈರೋ ಸಮ್ಮೇಳನದ ತರುವಾಯ, ೧೯೯೬ರಲ್ಲಿ, ಗುರಿಗಳನ್ನು ಕೈಬಿಟ್ಟಿರುವುದಾಗಿ ಭಾರತ ಸರಕಾರವು ಸಾರಿತು. ಆದರೂ ಶಿಬಿರಗಳು ನಿಲ್ಲಲಿಲ್ಲ. ೨೦೧೪ರ ನವಂಬರಿನಲ್ಲಿ ಛತ್ತೀಸಗಡದ ಬಿಲಾಸಪುರ ಜಿಲ್ಲೆಯ ಒಂದು ಶಿಬಿರದಲ್ಲಿ ಕೆಲವೇ ಗಂಟೆಗಳೊಳಗೆ ೮೩ ಸ್ತ್ರೀಯರಿಗೆ ಶಸ್ತ್ರಚಿಕಿತ್ಸೆಯಾಗಿ, ಹದಿಮೂರರಷ್ಟು ಮಂದಿ ಮಡಿದರು. ದೇವಿಕಾ ಬಿಸ್ವಾಸರ ಮೊಕದ್ದಮೆಯಲ್ಲಿ ಸರ್ವೋಚ್ಚ ನ್ಯಾಯಾಲಯವು ೨೦೧೬ರ ಸೆಪ್ಟೆಂಬರಿನಲ್ಲಿ ತೀರ್ಪಿತ್ತು, ಮೂರು ವರ್ಷಗಳೊಳಗಾಗಿ ಇಂಥ ಶಿಬಿರಗಳನ್ನು ನಿಲ್ಲಿಸಲು ಹೇಳಿತು.

೫. ಕುಷ್ಟಗಿಯ ಸೀಮೆ

೧೯೪೮ರಲ್ಲಿ ನಿಜಾಮರ ಆಳಿಕೆಯು ಮುಗಿದು, ೧೯೫೬ರಲ್ಲಿ ಈ ಪ್ರದೇಶವು ವಿಶಾಲ ಮೈಸೂರಿಗೆ ಸೇರಿತು. ೧೯೯೭ರಲ್ಲಿ ರಾಯಚೂರಿನಿಂದ ಬೇರ್ಪಟ್ಟ ಕೊಪ್ಪಳ ಜಿಲ್ಲೆಯ ಪಾಲಿಗೆ ಬಂದಿತು. ನೆರೆಯ ಗಂಗಾವತಿಗೆ ತುಂಗಭದ್ರೆಯ ಕಾಲುವೆಯ ನೀರುಂಟು. ಕುಷ್ಟಗಿಗೆ ಮುಗಿಲೇ ಗತಿ. ಮಳೆ ತಪ್ಪಿದ ವರ್ಷ ಹನುಮಸಾಗರ, ತಾವರಗೇರಾಗಳ ಸುತ್ತಿನ ಹಳ್ಳಿಗಳವರು ದೂರದ ನಗರಗಳಿಗೆ ಗುಳೆ ಹೋಗುತ್ತಾರೆ. ಕಟ್ಟಡದ ಕೆಲಸದಲ್ಲಿ ಗಾರೆ ಹೊರುವ ಹೆಂಗಸಿಗೆ ಮತ್ತೊಂದು ಬಸಿರೆಂದರೆ ಒಂದು ಆಳಿನ ಕೂಲಿಯ ನಷ್ಟ. ಗುಳೆ ಹೋದಲ್ಲಿ ಗುಳಿಗೆಯ ಲೆಕ್ಕವನ್ನಿಡುವುದು ಕಷ್ಟ. ಪರಿಚಯದ ದವಾಖಾನೆಯೂ ಇರುವುದಿಲ್ಲ. ಒಮ್ಮೆ ಮಾಡಿಸಿಕೊಂಡರೆ ಮತ್ತೆ ಚಿಂತೆಯಿಲ್ಲವೆಂಬ ವಿಚಾರದಿಂದ ಅವಳು ಶಸ್ತ್ರಚಿಕಿತ್ಸೆಯನ್ನು ಒಪ್ಪುತ್ತಾಳೆ. ಅದನ್ನು ಅಜ್ಞಾನವೆಂದು ತಿಳಿಯುವವರು ಅವಳ ಸಂಸಾರವನ್ನು ಅರಿಯದವರು.

೧೯೮೦ರ ಸುಮಾರಿನಲ್ಲಿ ಕಾಲ್ಡ್‌ವೆಲ್ ದಂಪತಿಗಳೂ ಪಿ. ಎಚ್. ರೆಡ್ಡಿಯವರೂ ದಕ್ಷಿಣ ಕರ್ನಾಟಕದ ಹಳ್ಳಿಗಳಲ್ಲಿ ನಡೆಸಿದ ಅಭ್ಯಾಸದಲ್ಲಿ, ಮಕ್ಕಳನ್ನು ಶಾಲೆಗೆ ಕಳುಹುವ ಖರ್ಚು ಹೆಚ್ಚಿದಂತೆ ತಂದೆತಾಯಿಗಳು ಕಡಮೆ ಮಕ್ಕಳನ್ನು ಬಯಸತೊಡಗಿದುದು ಕಂಡುಬಂದಿತು. ಗೋಡೆಗಳ ಮೇಲಿನ ಕೆಂಪು ತ್ರಿಕೋನವೂ, ಆರತಿಗೊಬ್ಬಳು ಕೀರ್ತಿಗೊಬ್ಬನೆಂಬ ಘೋಷಣೆಯೂ ಮಾಡದ ಕೆಲಸವನ್ನು ಶಾಲೆಯ ಪಾಟಿಚೀಲವು ಮಾಡಿತೆನ್ನಬಹುದು. ಆ ಘೋಷಣೆಯಲ್ಲಿ ಕೂಡ ಕೀರ್ತಿಯು ಮಗನ ಪಾಲಿಗೆ, ಆರತಿಯು ಮಗಳ ಪಾಲಿಗೆ ಬಂದುದನ್ನು ವಾಚಕರು ಗಮನಿಸಬೇಕು. ಗಂಡುಮಗು ಹುಟ್ಟುವ ತನಕ ಸೊಸೆಗೆ ‘ಸಾಕು’ ಎನ್ನಲು ಬಿಡದ ಮನೆಗಳು ಇನ್ನೂ ಇವೆ. ಅಲ್ಲಿ ನಿರ್ಣಯವು ಅತ್ತೆಯದು, ನೋವು ಸೊಸೆಯದು.

೨೦೧೯–೨೧ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಂತೆ ಕರ್ನಾಟಕದ ವಿವಾಹಿತ ಸ್ತ್ರೀಯರಲ್ಲಿ ನೂರಕ್ಕೆ ೫೭ ಮಂದಿ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡವರು. ಭಾರತದಲ್ಲಿ ನೂರಕ್ಕೆ ಸುಮಾರು ೩೮. ಗಂಡಸರ ಶಸ್ತ್ರಚಿಕಿತ್ಸೆಯು ಭಾರತದಲ್ಲಿ ನೂರಕ್ಕೆ ಒಂದರ ಮೂರನೆಯ ಪಾಲಿನಷ್ಟು. ಕರ್ನಾಟಕದಲ್ಲಿ ಶೂನ್ಯವೆಂದೇ ಹೇಳಬೇಕು. ಗಂಡಸರದು ಉದರವನ್ನು ತೆರೆಯದೆ ಕೆಲವು ನಿಮಿಷಗಳಲ್ಲಿ ಮುಗಿಯುವ ಸುಲಭವಾದ ಕ್ರಿಯೆ; ಮೂರು ತಿಂಗಳು ಎಚ್ಚರಿಕೆಯಿಂದಿದ್ದರೆ ಸಾಕು. ಪುರುಷತ್ವಕ್ಕಾಗಲಿ ದುಡಿಮೆಯ ಬಲಕ್ಕಾಗಲಿ ಅದರಿಂದ ಕುಂದಿಲ್ಲ. ಆದರೆ ‘ಅವರು ದುಡಿಯುವವರು, ಅವರಿಗೇತಕ್ಕೆ’ ಎಂದು ಹೆಂಗಸರೇ ಅಡ್ಡಬರುವುದುಂಟು. ಕಟ್ಟಡದಲ್ಲಿ ಗಾರೆ ಹೊತ್ತವಳು ತಾನೂ ದುಡಿಯುವವಳೆಂಬುದು ಅವಳಿಗೇ ಮರೆತಿರುತ್ತದೆ.

೬. ನಿರ್ಣಯದ ಅಂಗಗಳು

ಹಾಗಾದರೆ ಮಾಡಿಸಿಕೊಳ್ಳಬೇಕೋ ಬೇಡವೋ? ಇದಕ್ಕೆ ಇತಿಹಾಸವು ಒಂದೇ ಉತ್ತರವನ್ನು ಕೊಡುವುದಿಲ್ಲ. ಆದರೆ ವಿಚಾರಿಸಬೇಕಾದ ಅಂಗಗಳನ್ನು ತೋರಿಸಿಕೊಡುತ್ತದೆ.

ಮೊದಲನೆಯದು, ಇದು ಶಾಶ್ವತವಾದುದು. ನಾಳಗಳನ್ನು ಮತ್ತೆ ಕೂಡಿಸುವ ಶಸ್ತ್ರಕ್ರಿಯೆಯುಂಟಾದರೂ ಅದು ಫಲಿಸುವ ಭರವಸೆಯಿಲ್ಲ. ೨೦೧೫–೧೬ರ ಸಮೀಕ್ಷೆಯಂತೆ, ಈ ಶಸ್ತ್ರಚಿಕಿತ್ಸೆಗೆ ಒಳಗಾದ ಭಾರತೀಯ ಸ್ತ್ರೀಯರಲ್ಲಿ ಅರ್ಧಕ್ಕೂ ಹೆಚ್ಚಿನವರು ಇಪ್ಪತ್ತಾರು ತುಂಬುವುದರೊಳಗೆ ಮಾಡಿಸಿಕೊಂಡವರು. ಅಮೆರಿಕೆಯಲ್ಲಿ ನಡೆದು ೧೯೯೯ರಲ್ಲಿ ಪ್ರಕಟವಾದ ಸಂಶೋಧನೆಯಲ್ಲಿ, ಮೂವತ್ತಕ್ಕೆ ಮೊದಲು ಮಾಡಿಸಿಕೊಂಡವರಲ್ಲಿ ನೂರಕ್ಕೆ ೨೦ ಮಂದಿ ಹದಿನಾಲ್ಕು ವರ್ಷಗಳೊಳಗೆ ಪಶ್ಚಾತ್ತಾಪಪಟ್ಟುದು ಕಂಡುಬಂದಿತು; ಮೂವತ್ತರ ಬಳಿಕ ಮಾಡಿಸಿಕೊಂಡವರಲ್ಲಿ ನೂರಕ್ಕೆ ಆರೇ. ಎಳೆಯ ವಯಸ್ಸಿನ ನಿರ್ಣಯಕ್ಕೆ ಮುಂದಿನ ಬಾಳಿನ ಸಾವುನೋವುಗಳ ಅರಿವಿರುವುದಿಲ್ಲ.

ಎರಡನೆಯದು, ಇದೊಂದೇ ಮಾರ್ಗವಲ್ಲ. ಕಾಪರ್-ಟಿ ವಂಕಿಯು ಹತ್ತು ವರ್ಷಗಳವರೆಗೆ ಕಾಯಬಲ್ಲುದು, ಬೇಡವಾದಾಗ ತೆಗೆಯಬಹುದು. ಮೂರು ತಿಂಗಳಿಗೊಮ್ಮೆ ಕೊಡುವ ‘ಅಂತರಾ’ ಚುಚ್ಚುಮದ್ದೂ, ‘ಛಾಯಾ’ ಗುಳಿಗೆಯೂ ಸರಕಾರಿ ದವಾಖಾನೆಗಳ ಯೋಜನೆಯಲ್ಲಿ ಸೇರಿವೆ. ಇವುಗಳನ್ನು ಹೇಳದೆ ಪಡೆದ ಒಪ್ಪಿಗೆಯು ಅರ್ಧ ಒಪ್ಪಿಗೆಯೇ ಸರಿ.

ಮೂರನೆಯದು, ಇದೂ ಕ್ವಚಿತ್ತಾಗಿ ತಪ್ಪುವುದುಂಟು. ಮೊದಲ ವರ್ಷದಲ್ಲಿ ಇನ್ನೂರರಲ್ಲಿ ಒಬ್ಬಳಿಗೆ ಗರ್ಭ ನಿಲ್ಲಬಹುದು. ಹರಿಯಾಣದ ಒಬ್ಬ ಕೂಲಿಕಾರ ಹೆಣ್ಣುಮಗಳ ಒಂದೇ ನಾಳವನ್ನು ಕಟ್ಟಿ ಕಳುಹಿದುದಕ್ಕಾಗಿ ೨೦೦೦ನೆಯ ಇಸವಿಯಲ್ಲಿ ಸರ್ವೋಚ್ಚ ನ್ಯಾಯಾಲಯವು ಸರಕಾರವನ್ನೇ ಹೊಣೆಯಾಗಿಸಿತು. ವೈದ್ಯನ ಅಲಕ್ಷ್ಯವಿಲ್ಲದೆ ಕೇವಲ ಗರ್ಭ ನಿಂತಿತೆಂಬುದರಿಂದ ಹೊಣೆಯು ಬಾರದೆಂದು ಅದೇ ನ್ಯಾಯಾಲಯವು ೨೦೦೫ರಲ್ಲಿ ಹೇಳಿತು. ಆದುದರಿಂದ ತಿಂಗಳು ತಪ್ಪಿದರೆ ಕೂಡಲೆ ದವಾಖಾನೆಗೆ ಹೋಗಬೇಕು.

ನಾಲ್ಕನೆಯದು ಎಲ್ಲಕ್ಕೂ ಮುಖ್ಯವು. ಕೇಂದ್ರ ಸರಕಾರವು ೨೦೦೬ರಲ್ಲಿ ಪ್ರಕಟಿಸಿದ ನಿಯಮಗಳಂತೆ ಈ ಶಸ್ತ್ರಚಿಕಿತ್ಸೆಗೆ ಗಂಡನ ಒಪ್ಪಿಗೆಯು ಬೇಕಾಗಿಲ್ಲ. ಸ್ತ್ರೀಯ ಸ್ವಂತ ಒಪ್ಪಿಗೆಯೇ ಸಾಕು. ಅದನ್ನು ಅವಳು ತಿಳಿಯುವ ಭಾಷೆಯಲ್ಲಿ, ತಿಳಿಯಹೇಳಿ ಪಡೆಯತಕ್ಕದ್ದು. ಹೆರಿಗೆಯ ನೋವಿನಲ್ಲಿರುವವಳ ಮುಂದೆ ಕಾಗದ ಹಿಡಿದು ಹೆಬ್ಬೆಟ್ಟು ಒತ್ತಿಸಿಕೊಂಡರೆ ಅದು ಒಪ್ಪಿಗೆಯಾಗಲಾರದು.

ಉಪನಿಷತ್ತಿನ ಕಾಲದಲ್ಲಿ ನಿರ್ಣಯವು ಪತಿಯದಾಗಿತ್ತು, ಕೂಡುಮನೆಯಲ್ಲಿ ಅತ್ತೆಯದಾಯಿತು, ೧೯೭೬ರಲ್ಲಿ ರಾಜ್ಯವು ಅದನ್ನು ಕಿತ್ತುಕೊಂಡಿತು, ಅನಂತರ ಗುರಿಯ ಅಂಕಿಗಳು ಅದನ್ನು ಆಳಿದವು. ಕಾಗದದ ಮೇಲೆ ಅದು ಈಗ ಹಡೆಯುವವಳದು. ಕಾಗದದಿಂದ ಅದನ್ನು ಮನೆಯ ನಡುಮನೆಗೆ ತರುವ ಕೆಲಸವು ಇನ್ನೂ ಉಳಿದಿದೆ. ಆರೋಗ್ಯ ಸಹಾಯಕಿಯು ತಾಳ್ಮೆಯಿಂದ ಎಲ್ಲ ಮಾರ್ಗಗಳನ್ನೂ ಹೇಳಿ, ಅತ್ತೆಯು ಸುಮ್ಮನಿದ್ದು, ಗಂಡನು ‘ನಾನೇ ಮಾಡಿಸಿಕೊಂಡರೆ ಹೇಗೆ’ ಎಂದು ಒಮ್ಮೆಯಾದರೂ ಕೇಳಿ, ಆಮೇಲೆ ಅವಳು ಬೇಕೆಂದರೂ ಸರಿ, ಬೇಡವೆಂದರೂ ಸರಿ, ಅದು ಅವಳ ಮಾತೆನಿಸುವುದು.